ಮೀಠಿ ನದಿಗೆ ಗೋಡೆ ಸಾಕು, ನೆಲ ಬೇಕು

ಮುಂಬಯಿಯಲ್ಲಿ ಮಳೆಗಾಲಕ್ಕೆ ಮುನ್ನ ವರ್ಷವರ್ಷವೂ ತಪ್ಪದೆ ನಡೆಯುವ ಒಂದು ವಿಧಿಯಿದೆ. ಹೂಳೆತ್ತುವ ಯಂತ್ರಗಳು ಮೀಠಿ ನದಿಯ ದಂಡೆಗೆ ಬರುತ್ತವೆ. ಮಂತ್ರಿಗಳೂ ಅಧಿಕಾರಿಗಳೂ ಸೇತುವೆಯ ಮೇಲೆ ನಿಂತು ಕಾಮಗಾರಿಯನ್ನು ಪರಿಶೀಲಿಸುತ್ತಾರೆ. ಶೇಕಡಾ ಇಷ್ಟು ಹೂಳು ತೆಗೆದಾಯಿತೆಂಬ ಪ್ರಕಟಣೆ ಹೊರಡುತ್ತದೆ. ಜುಲೈ ಆಗಸ್ಟ್ ಬರುವಷ್ಟರಲ್ಲಿ ಕುರ್ಲಾದ ತಗ್ಗಿನ ಮನೆಗಳವರು ಸಾಮಾನು ಮೇಲಕ್ಕೆತ್ತಿಟ್ಟು ನದಿಯ ಮಟ್ಟವನ್ನು ನೋಡುತ್ತ ಕೂರುತ್ತಾರೆ. ನೀರು ನುಗ್ಗಿದರೆ ಪ್ಲಾಸ್ಟಿಕ್ ಎಸೆಯುವ ಜನರನ್ನೂ ದಂಡೆಯ ಜೋಪಡಿಗಳನ್ನೂ ದೂರಿ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಮರುವರ್ಷ ಮತ್ತೆ ಟೆಂಡರು, ಮತ್ತೆ ಯಂತ್ರ. ಇಪ್ಪತ್ತು ವರ್ಷಗಳಿಂದ ಈ ಚಕ್ರ ಹೀಗೆಯೇ ತಿರುಗುತ್ತಿದೆ.

ಈಚೆಗೆ ಈ ಚಕ್ರಕ್ಕೆ ಹೊಸದೊಂದು ಮಾತು ಸೇರಿಕೊಂಡಿದೆ. ಅದು ‘ನಿಸರ್ಗಾಧಾರಿತ ಪರಿಹಾರ’. 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಪರಿಸರ ಮಹಾಸಭೆ ಇದರ ವ್ಯಾಖ್ಯೆಯನ್ನು ಅಂಗೀಕರಿಸಿತು. ನೆಲ, ನೀರು, ಕಾಡು, ಜವುಗುಗಳನ್ನು ಕಾಪಾಡಿ, ಕೆಟ್ಟದ್ದನ್ನು ಸರಿಪಡಿಸಿ, ಅವುಗಳ ಸಹಜ ಶಕ್ತಿಯಿಂದಲೇ ಸಮಾಜದ ಕಷ್ಟಗಳನ್ನು ನೀಗಿಸಿಕೊಳ್ಳುವುದು. ಹಾಗೆ ಮಾಡುವಾಗ ಮನುಷ್ಯನಿಗೂ ಇತರ ಜೀವರಾಶಿಗೂ ಒಟ್ಟಿಗೇ ಹಿತವಾಗುವಂತೆ ನೋಡಿಕೊಳ್ಳುವುದು: ಇದು ಅದರ ಸಾರ. ಮಾತು ಒಳ್ಳೆಯದು. ಆದರೆ ಒಳ್ಳೆಯ ಮಾತುಗಳು ಯೋಜನಾ ವರದಿಗಳೊಳಗೆ ಹೊಕ್ಕು ಗುತ್ತಿಗೆಯ ಹೆಸರುಗಳಾಗಿ ಹೊರಬರುವುದನ್ನು ನಾವು ಸಾಕಷ್ಟು ಕಂಡಿದ್ದೇವೆ. ಪವಾಯಿಯಿಂದ ಮಾಹಿಮಿನವರೆಗಿನ ಈ ಪುಟ್ಟ ನದಿಯ ಕತೆಯನ್ನು ಸರಿಯಾಗಿ ತಿಳಿದುಕೊಂಡರೆ, ಆ ಮಾತಿಗೆ ಎಲ್ಲಿ ಅರ್ಥ ಬರುತ್ತದೆ, ಎಲ್ಲಿ ಅದು ಮೋಸವಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಪರಊರುಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಇದು ದೂರದ ಸುದ್ದಿಯಲ್ಲ. ನಾವಿರುವ ಪ್ರತಿ ದೊಡ್ಡ ನಗರದಲ್ಲಿಯೂ ಒಂದು ಮೀಠಿ ಇದೆ. ಬೆಂಗಳೂರಿನಲ್ಲಿ ಅದರ ಹೆಸರು ವೃಷಭಾವತಿ, ಪುಣೆಯಲ್ಲಿ ಮುಠಾ, ಕೊಲ್ಲಾಪುರ, ಇಚಲಕರಂಜಿಗಳ ನಮ್ಮ ಬಂಧುಗಳಿಗೆ ಅದು ಪಂಚಗಂಗೆ.

ನದಿಯನ್ನು ಇಕ್ಕಟ್ಟಿಗೆ ತಳ್ಳಿದವರು

ಮೀಠಿ ಎಂದರೆ ಹಿಂದಿಯಲ್ಲಿ ಸಿಹಿಯಾದದ್ದು. ಮರಾಠಿಯಲ್ಲಿ ಮಿಠಿ ಎಂದರೆ ಆಲಿಂಗನ. ಎರಡರಲ್ಲಿ ಯಾವ ಅರ್ಥವೂ ಇಂದಿನ ನದಿಗೆ ಒಪ್ಪುವುದಿಲ್ಲ. ವಿಹಾರ್ ಕೆರೆಯ ಕೋಡಿಯಿಂದಲೂ ಪವಾಯಿ ಕೆರೆಯ ಕೋಡಿಯಿಂದಲೂ ಹೊರಟು, ಸಾಕಿನಾಕಾ, ಕುರ್ಲಾ, ಕಲೀನಾ, ಬಾಂದ್ರಾ-ಕುರ್ಲಾ ಸಂಕೀರ್ಣ, ಧಾರಾವಿಗಳನ್ನು ಹಾದು ಮಾಹಿಮ್ ಅಳಿವೆಯಲ್ಲಿ ಸಮುದ್ರ ಸೇರುವ ಇದರ ಉದ್ದ ಸುಮಾರು 18 ಕಿ.ಮೀ. ಮಾತ್ರ. ನಮ್ಮ ಮಲೆನಾಡಿನಲ್ಲಾದರೆ ಇದನ್ನು ಹೊಳೆಯೆಂದೂ ಕರೆಯುತ್ತಿದ್ದರೋ ಇಲ್ಲವೋ. ಆದರೆ ದೇಶದ ಅತ್ಯಂತ ಶ್ರೀಮಂತ ಮಹಾನಗರಪಾಲಿಕೆಯ ಶಕ್ತಿಯನ್ನು ಈ ಹದಿನೆಂಟು ಕಿಲೋಮೀಟರು ಪ್ರತಿವರ್ಷ ಪರೀಕ್ಷೆಗೆ ಒಡ್ಡುತ್ತದೆ.

ಈ ನದಿಯ ಮೇಲಿನ ಒತ್ತುವರಿ ಜೋಪಡಿಗಳಿಂದ ಆರಂಭವಾಗಲಿಲ್ಲ. ಮುಂಬಯಿಗೆ ಕುಡಿಯುವ ನೀರು ಒದಗಿಸಲೆಂದು ಬ್ರಿಟಿಷರು ನದಿಯ ತಲೆಗೇ ಅಡ್ಡಗಟ್ಟೆ ಹಾಕಿ 1860ರಲ್ಲಿ ವಿಹಾರ್ ಕೆರೆಯನ್ನು ಪೂರ್ಣಗೊಳಿಸಿದರು. ಮೂವತ್ತು ವರ್ಷಗಳ ತರುವಾಯ, 1890-91ರಲ್ಲಿ, ಪವಾಯಿಯ ಕಟ್ಟೆ ಎದ್ದಿತು. ಅಂದಿನಿಂದ ಮೀಠಿಯು ಮಳೆಗಾಲದಲ್ಲಿ ಕೋಡಿ ಹರಿದಾಗ ಮಾತ್ರ ನದಿ. ಉಳಿದ ಎಂಟು ತಿಂಗಳು ಅದಕ್ಕೆ ತನ್ನದೆಂಬ ನೀರೇ ಇಲ್ಲ. ಆ ತಿಂಗಳುಗಳಲ್ಲಿ ಅದರ ಪಾತ್ರದಲ್ಲಿ ಹರಿಯುವುದು ಬಹುಪಾಲು ನಮ್ಮ ಬಚ್ಚಲು, ಶೌಚಾಲಯ, ಕಾರ್ಖಾನೆಗಳ ನೀರು. ನದಿಯನ್ನು ‘ಶುದ್ಧಗೊಳಿಸುತ್ತೇವೆ’ ಎನ್ನುವ ಪ್ರತಿಯೊಬ್ಬ ರಾಜಕಾರಣಿಯನ್ನೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಕೊಳಚೆಯನ್ನು ತೆಗೆದ ಮೇಲೆ ನದಿಯಲ್ಲಿ ಹರಿಯುವ ನೀರು ಯಾವುದು, ಎಲ್ಲಿಂದ ಬರುತ್ತದೆ?

ಎರಡನೆಯ ಒತ್ತುವರಿ ವಿಮಾನ ನಿಲ್ದಾಣದ್ದು. ಓಡುದಾರಿಯ ವಿಸ್ತರಣೆಗಾಗಿ ನದಿಯನ್ನು ತಿರುಗಿಸಿ, ಹೆಚ್ಚುಕಡಿಮೆ ಲಂಬಕೋನದ ತಿರುವುಗಳಲ್ಲಿ ಹರಿಸಿ, ಓಡುದಾರಿಯ ಅಡಿಯಲ್ಲಿ ನುಸುಳುವಂತೆ ಮಾಡಲಾಯಿತು. ಹರಿಯುವ ನೀರಿಗೆ ಮೂಲೆ ತಿರುಗುವ ಅಭ್ಯಾಸವಿಲ್ಲ. ಅಲ್ಲಿ ಅದು ತಡೆದು ನಿಂತು ಹಿಂದಕ್ಕೆ ಏರುತ್ತದೆ. ಮೂರನೆಯದು ಬಾಂದ್ರಾ-ಕುರ್ಲಾ ಸಂಕೀರ್ಣ. ನದಿಯ ಮುಖದಲ್ಲಿ, ಉಬ್ಬರದ ನೀರೂ ಮಳೆಯ ನೀರೂ ಸೇರಿ ಹರಡಿಕೊಳ್ಳುತ್ತಿದ್ದ ಜವುಗು ಮತ್ತು ಕಾಂಡ್ಲಾ ಕಾಡುಗಳನ್ನು ತುಂಬಿ ಅಲ್ಲಿ ಬ್ಯಾಂಕುಗಳನ್ನೂ ಷೇರು ಪೇಟೆಯನ್ನೂ ಕಟ್ಟಲಾಯಿತು. ಈ ಎರಡೂ ಸರಕಾರದ ಕೈಯಿಂದ, ಸರಕಾರದ ಅಪ್ಪಣೆಯಿಂದ ಆದವು. ದಂಡೆಯ ಜೋಪಡಿಯವನು ಬಂದದ್ದು ನದಿ ಆಗಲೇ ಇಕ್ಕಟ್ಟಾಗಿದ್ದಾಗ, ಬೇರೆಲ್ಲಿಯೂ ನೆಲ ಸಿಗದೆ. ಅವನ ಒತ್ತುವರಿ ಸುಳ್ಳಲ್ಲ. ಆದರೆ ಅದೊಂದನ್ನೇ ಒತ್ತುವರಿ ಎಂದು ಕರೆಯುವುದು ಪ್ರಾಮಾಣಿಕತೆಯಲ್ಲ.

ಹೂಳು ಮತ್ತು ಗೋಡೆಯ ರಾಜಕಾರಣ

2005ರ ಜುಲೈ 26ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅತಿ ಬಿರುಸಿನ ಹೊತ್ತಿನಲ್ಲಿ ಒಂದೇ ಗಂಟೆಯಲ್ಲಿ 190 ಮಿ.ಮೀ. ಸುರಿದಿತ್ತು. ನಗರದ ಹಳೆಯ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ. ಮಹಾರಾಷ್ಟ್ರದಲ್ಲಿ ಆ ದಿನಗಳ ಮಳೆಗೆ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಅಂದಿನವರೆಗೆ ಬಹುಜನ ಮುಂಬಯಿಕರರಿಗೆ ತಮ್ಮ ಊರಿನಲ್ಲಿ ಒಂದು ನದಿಯಿದೆ ಎಂಬುದೇ ತಿಳಿದಿರಲಿಲ್ಲ; ಅವರು ಅದನ್ನು ನಾಲೆಯೆಂದೇ ಕರೆಯುತ್ತಿದ್ದರು. ನದಿ ತನ್ನ ಹೆಸರನ್ನು ಹೀಗೆ ನೆನಪಿಸಿಕೊಟ್ಟಿತು.

ಆ ಬಳಿಕ ಮಾಧವ ಚಿತಳೆಯವರ ನೇತೃತ್ವದ ಸತ್ಯಶೋಧನಾ ಸಮಿತಿ ರಚನೆಯಾಯಿತು. ಮೀಠಿ ನದಿಯ ಅಭಿವೃದ್ಧಿ ಮತ್ತು ರಕ್ಷಣೆಗೆಂದು ಪ್ರತ್ಯೇಕ ಪ್ರಾಧಿಕಾರವೂ ಹುಟ್ಟಿತು. ಆದರೆ ಕೆಲಸದ ಹಂಚಿಕೆಯಲ್ಲಿ ನದಿಯನ್ನು ಎರಡಾಗಿ ಕತ್ತರಿಸಲಾಯಿತು. ಮೇಲಿನ ಸುಮಾರು 12 ಕಿ.ಮೀ. ಮಹಾನಗರಪಾಲಿಕೆಗೆ, ಕೆಳಗಿನ 6 ಕಿ.ಮೀ. ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ. ಬಹುಕಾಲ ಒಂದೇ ನೀರಿಗೆ ಇಬ್ಬರು ಯಜಮಾನರಿದ್ದರು; ಜವಾಬ್ದಾರಿ ಕೇಳಿದಾಗ ಇಬ್ಬರೂ ಇರಲಿಲ್ಲ. ಅಗಲಗೊಳಿಸುವುದು, ಆಳಗೊಳಿಸುವುದು, ಎರಡೂ ದಂಡೆಗೆ ತಡೆಗೋಡೆ ಕಟ್ಟುವುದು, ಇವೇ ಮುಖ್ಯ ಕಾಮಗಾರಿಗಳಾದವು.

ಹೂಳೆತ್ತುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಹೂಳು ಎಲ್ಲಿಂದ ಬರುತ್ತದೆ ಎಂಬುದನ್ನು ಬಿಟ್ಟು ಹೂಳನ್ನಷ್ಟೇ ಎತ್ತುತ್ತಿದ್ದರೆ ಅದು ತೀರುವ ಕೆಲಸವಲ್ಲ. ತೀರಬಾರದೆಂದು ಬಯಸುವವರಿಗೆ ಅದಕ್ಕಿಂತ ಒಳ್ಳೆಯ ಉದ್ಯೋಗವೂ ಇಲ್ಲ. ಈ ಹೂಳೆತ್ತುವ ಕಾಮಗಾರಿಯಲ್ಲಿ 65 ಕೋಟಿ ರೂಪಾಯಿಗೂ ಮಿಕ್ಕಿದ ವಂಚನೆ ನಡೆದಿದೆಯೆಂಬ ಆರೋಪದ ಮೇಲೆ 2025ರ ಮೇ ತಿಂಗಳಲ್ಲಿ ಮುಂಬಯಿ ಪೊಲೀಸರ ಆರ್ಥಿಕ ಅಪರಾಧ ವಿಭಾಗವು ಗುತ್ತಿಗೆದಾರರು, ಮಧ್ಯವರ್ತಿಗಳು ಮತ್ತು ಪಾಲಿಕೆಯ ಅಧಿಕಾರಿಗಳ ವಿರುದ್ಧ ಪ್ರಕರಣ ದಾಖಲಿಸಿತು. ಆರೋಪವನ್ನು ನ್ಯಾಯಾಲಯ ತೀರ್ಮಾನಿಸಲಿ. ಆದರೆ ಎತ್ತಿದ ಮಣ್ಣೆಷ್ಟು, ಹಾಕಿದ್ದು ಎಲ್ಲಿ ಎಂಬುದನ್ನು ದಂಡೆಯ ಜನ ಕಣ್ಣಾರೆ ಕಂಡು ಲೆಕ್ಕವಿಡುವ ಏರ್ಪಾಡು ಇದ್ದಿದ್ದರೆ ಇಂಥ ಪ್ರಶ್ನೆ ಏಳುವುದಕ್ಕೇ ಎಡೆಯಿರುತ್ತಿರಲಿಲ್ಲ. ಅದೇ ವರ್ಷದ ಆಗಸ್ಟ್ 19ರಂದು ಕುರ್ಲಾದ ಬಳಿ ನದಿ 3.9 ಮೀಟರಿಗೆ ಏರಿ, ಕ್ರಾಂತಿನಗರದ ನೂರಾರು ಜನರನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಬೇಕಾಯಿತು.

ಗೋಡೆಯ ವಿಚಾರವೂ ಹೀಗೆಯೇ. ನದಿಯನ್ನು ಎರಡು ಕಾಂಕ್ರೀಟು ಗೋಡೆಗಳ ನಡುವೆ ನಿಲ್ಲಿಸಿದರೆ ನೀರು ವೇಗವಾಗಿ ಕೆಳಗೆ ಓಡುತ್ತದೆ ಎಂಬುದು ನಿಜ. ಆದರೆ ಕೆಳಗಿರುವುದು ಸಮುದ್ರ. ಉಬ್ಬರದ ಹೊತ್ತಿನಲ್ಲಿ ಸಮುದ್ರವೇ ಅಳಿವೆಯೊಳಕ್ಕೆ ನುಗ್ಗಿ ಬರುತ್ತದೆ. ಮೇಲಿನಿಂದ ಓಡಿಬಂದ ನೀರು, ಕೆಳಗಿನಿಂದ ಏರಿಬಂದ ನೀರು ಎರಡೂ ಧಾರಾವಿ ಕುರ್ಲಾಗಳ ನಡುವೆ ಸಂಧಿಸುತ್ತವೆ. ಆಗ ನದಿಗೆ ಬೇಕಾದದ್ದು ಒಂದೇ: ಕೆಲವು ಗಂಟೆಗಳ ಕಾಲ ಹರಡಿಕೊಂಡು ಕಾಯಲು ನೆಲ. ಗೋಡೆ ಕಸಿದುಕೊಳ್ಳುವುದು ಅದನ್ನೇ. ಅಲ್ಲದೆ ಒಳಗಿನ ಬೀದಿಗಳ ಮಳೆನೀರು ನದಿಗೆ ಇಳಿಯುವುದಕ್ಕೂ ಗೋಡೆ ಅಡ್ಡವಾಗಿ, ಬಾಗಿಲು ಮತ್ತು ಪಂಪುಗಳ ಮೇಲೆ ಬಡಾವಣೆಯ ಪ್ರಾಣ ನಿಲ್ಲುತ್ತದೆ.

ನಿಸರ್ಗ ಮಾಡುವ ಕೆಲಸ

ನಿಸರ್ಗಾಧಾರಿತ ಪರಿಹಾರ ಎಂದರೆ ದಂಡೆಯಲ್ಲಿ ನಾಲ್ಕು ಗಿಡ ನೆಟ್ಟು ಬೆಂಚು ಹಾಕುವುದಲ್ಲ. ಅದಕ್ಕೆ ತನ್ನದೇ ಆದ ಕಾರ್ಯಕಾರಣವಿದೆ. ಇಳಿಜಾರಿನ ಹಸಿರು ದಂಡೆಯಲ್ಲಿ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಹೂಳು ಹುಟ್ಟುವ ಜಾಗದಲ್ಲೇ ಕಡಿಮೆಯಾಗುತ್ತದೆ. ಬಾಗಿ ಬಳಸಿ ಹರಿಯುವ ಪಾತ್ರ ನೀರಿನ ವೇಗವನ್ನು ಇಳಿಸುತ್ತದೆ. ಜೊಂಡು, ಆಪು ಮೊದಲಾದ ಜವುಗು ಸಸ್ಯಗಳ ಬೇರಿನ ಸುತ್ತ ನೆಲೆಸಿದ ಸೂಕ್ಷ್ಮಜೀವಿಗಳು ಕೊಳಚೆಯ ಸಾವಯವ ಪದಾರ್ಥವನ್ನು ಒಡೆಯುತ್ತವೆ. ಸಾರಜನಕ ರಂಜಕಗಳನ್ನು ಸಸ್ಯಗಳು ಹೀರಿಕೊಳ್ಳುತ್ತವೆ. ತಗ್ಗಿನ ಬಯಲು ಪ್ರವಾಹದ ನೀರನ್ನು ತಡೆದಿಟ್ಟು ನಿಧಾನವಾಗಿ ಬಿಡುತ್ತದೆ. ಅಳಿವೆಯ ಕಾಂಡ್ಲಾ ಕಾಡು ಉಬ್ಬರದ ಅಲೆಯ ಬಲ ಮುರಿಯುತ್ತದೆ.

ಇವು ಬರಿಯ ಪುಸ್ತಕದ ಮಾತುಗಳಲ್ಲ. ಸಿಂಗಪುರದ ಬಿಶಾನ್-ಆಂಗ್ ಮೊ ಕಿಯೊ ಉದ್ಯಾನದಲ್ಲಿ ಕಲ್ಲಾಂಗ್ ನದಿಯ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟು ಕಾಲುವೆಯನ್ನು ಒಡೆದು, 3.2 ಕಿ.ಮೀ. ಉದ್ದದ ಬಳುಕುವ ಹೊಳೆಯನ್ನಾಗಿ ಮಾಡಿದರು; 2012ರಲ್ಲಿ ಕೆಲಸ ಮುಗಿಯಿತು. ಮಳೆ ಬಂದಾಗ ಉದ್ಯಾನದ ಹುಲ್ಲುಗಾವಲೇ ನದಿಯ ಪಾತ್ರವಾಗುತ್ತದೆ. ಮಳೆ ನಿಂತಾಗ ಅಲ್ಲಿ ಮಕ್ಕಳು ಆಡುತ್ತಾರೆ. ನಮ್ಮ ಬೆಂಗಳೂರಿನ ಜಕ್ಕೂರು ಕೆರೆಯ ಮೇಲ್ಭಾಗದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಕೊಳಚೆ ಶುದ್ಧೀಕರಣ ಘಟಕವಿತ್ತು. ಅಲ್ಲಿಂದ ಹೊರಬಂದ ನೀರನ್ನು ಕೃತಕವಾಗಿ ಬೆಳೆಸಿದ ಜವುಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡಾಯಿತು. ಸುತ್ತಲಿನ ನಾಗರಿಕರು ‘ಜಲಪೋಷಣ’ ಎಂಬ ಸಂಸ್ಥೆ ಕಟ್ಟಿಕೊಂಡು ಕೆರೆಯನ್ನು ಕಾಯ್ದರು. ಮೀನುಗಾರರು, ನಡಿಗೆಗೆ ಬರುವವರು, ಹಕ್ಕಿ ನೋಡುವವರು ಎಲ್ಲರಿಗೂ ಅಲ್ಲಿ ಜಾಗವಿತ್ತು. ಯಂತ್ರವೂ ಬೇಕು, ಜವುಗೂ ಬೇಕು, ಕಾವಲೂ ಬೇಕು ಎಂಬುದು ಜಕ್ಕೂರಿನ ಪಾಠ.

ಇಷ್ಟು ದೂರವೂ ಹೋಗಬೇಕಿಲ್ಲ. ಮೀಠಿಯ ದಂಡೆಯಲ್ಲಿಯೇ, ಧಾರಾವಿಯ ಅಂಚಿನಲ್ಲಿ, ಮಹಾರಾಷ್ಟ್ರ ನಿಸರ್ಗ ಉದ್ಯಾನವಿದೆ. ಒಂದು ಕಾಲದಲ್ಲಿ ಅದು ನಗರದ ಕಸ ಸುರಿಯುವ ಜಾಗ. ಕಸದ ಗುಡ್ಡೆಯ ಮೇಲೆ ಮಣ್ಣು ಹರಡಿ, ಗಿಡ ನೆಟ್ಟು, ವರ್ಷಗಟ್ಟಲೆ ಕಾದು, 1994ರಲ್ಲಿ ಅದನ್ನು ಜನರಿಗೆ ತೆರೆಯಲಾಯಿತು. ಇಂದು ಸುಮಾರು 37 ಎಕರೆಯ ಆ ಜಾಗದಲ್ಲಿ ಕಾಡು ನಿಂತಿದೆ. ಹಕ್ಕಿ, ಚಿಟ್ಟೆಗಳು ಬಂದಿವೆ. ಮುಂಬಯಿಯಲ್ಲಿ ನೆಲವಿಲ್ಲ ಎಂದು ಹೇಳುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು. ನೆಲವಿರಲಿಲ್ಲವೆಂಬುದಲ್ಲ, ನೆಲದ ಬೆಲೆಯನ್ನು ಚದರ ಅಡಿಯಲ್ಲಿ ಮಾತ್ರ ಎಣಿಸುವ ಅಭ್ಯಾಸ ನಮಗೆ ಅಂಟಿದೆ.

ಪವಾಯಿ ಕೆರೆಯ ಪಾಠ

ನದಿಯ ರೋಗ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನೋಡಲು ಪವಾಯಿ ಕೆರೆಯೇ ಸಾಕು. ಪಾಲಿಕೆಯ ದಾಖಲೆಯಂತೆ ಕೆರೆಯ ಜಲಾನಯನ ಪ್ರದೇಶ 6.61 ಚದರ ಕಿ.ಮೀ.; ತುಂಬಿದಾಗ ಅದರಲ್ಲಿ ನಿಲ್ಲುವ ನೀರು ಸುಮಾರು 545 ಕೋಟಿ ಲೀಟರ್. ಕುಡಿಯುವುದಕ್ಕೆಂದು ಕಟ್ಟಿದ ಕೆರೆಯ ನೀರು ಇಂದು ಕುಡಿಯಲು ಯೋಗ್ಯವಲ್ಲ. ಕೈಗಾರಿಕೆಗೂ ಆರೇ ಕಾಲನಿಗೂ ಬಳಕೆಯಾಗುತ್ತದೆ. ಕೆರೆಗೆ ದಿನವೂ ಸುಮಾರು 1.8 ಕೋಟಿ ಲೀಟರ್ ಕೊಳಚೆ ಸೇರುತ್ತದೆಂದು ವರದಿಗಳು ಹೇಳುತ್ತ ಬಂದಿವೆ. ಗುಣಿಸಿ ನೋಡಿ: ವರ್ಷಕ್ಕೆ 657 ಕೋಟಿ ಲೀಟರ್. ಅಂದರೆ ಹತ್ತು ತಿಂಗಳಲ್ಲಿ ಇಡೀ ಕೆರೆಯನ್ನು ಕೊಳಚೆಯಿಂದಲೇ ತುಂಬಬಹುದು. ಹೀಗಿರುವಾಗ ಕೆರೆಯ ಮೇಲೆ ಅಂತರಗಂಗೆ ಹಬ್ಬಿದೆಯೆಂದು ಆಶ್ಚರ್ಯಪಡುವುದೇಕೆ? ಕೊಳಚೆಯ ಸಾರಜನಕ ರಂಜಕಗಳನ್ನು ಉಂಡು ಬೆಳೆಯುವ ಗಿಡ ಅದು. ಅದನ್ನು ಕಿತ್ತು ಲಾರಿಗೆ ತುಂಬಲು ಪ್ರತಿವರ್ಷ ಹಣ ವ್ಯಯವಾಗುತ್ತದೆ. ಅದಕ್ಕೆ ಊಟ ಹಾಕುವ ಕೊಳವೆಗಳು ಮಾತ್ರ ತೆರೆದೇ ಇರುತ್ತವೆ.

ಹೀಗಿದ್ದ ಕೆರೆಗೆ ಪಾಲಿಕೆ ಮೊದಲು ಯೋಚಿಸಿದ ಉಪಕಾರ ಸೈಕಲ್ ಮತ್ತು ನಡಿಗೆಯ ಪಥ. ಕಲ್ಲು ತುಂಬಿದ ತಂತಿಬುಟ್ಟಿಗಳನ್ನು ಕೆರೆಯಂಚಿನಲ್ಲಿಟ್ಟು ಅದರ ಮೇಲೆ ಪಥ ಹಾಯಿಸುವುದರಿಂದ ನೀರಿಗೆ ಅಡ್ಡಿಯಿಲ್ಲ, ಇದು ಪರಿಸರಸ್ನೇಹಿ ವಿಧಾನ ಎಂದು ವಾದಿಸಲಾಯಿತು. ಐಐಟಿಯ ಸಂಶೋಧನಾ ವಿದ್ಯಾರ್ಥಿಗಳೂ ‘ವನಶಕ್ತಿ’ ಸಂಸ್ಥೆಯೂ ನ್ಯಾಯಾಲಯದ ಬಾಗಿಲು ತಟ್ಟಿದರು. ಜೌಗುಪ್ರದೇಶ ಸಂರಕ್ಷಣೆಯ 2017ರ ನಿಯಮಗಳ ಮುಂದೆ ಆ ವಾದ ನಿಲ್ಲಲಿಲ್ಲ. 2022ರ ಮೇ 6ರಂದು ಮುಂಬಯಿ ಉಚ್ಚ ನ್ಯಾಯಾಲಯ ಕಾಮಗಾರಿ ಕಾನೂನುಬಾಹಿರವೆಂದು ತೀರ್ಪಿತ್ತು, ಕಟ್ಟಿದ್ದನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಬೇಕೆಂದು ಆದೇಶಿಸಿತು. ಆ ಕೆರೆಯಂಚು ಮೊಸಳೆಗಳು ಬಿಸಿಲು ಕಾಯುವ, ಹಕ್ಕಿಗಳು ಗೂಡು ಕಟ್ಟುವ ಜಾಗ. ಹಸಿರು ಬಣ್ಣ ಬಳಿದದ್ದೆಲ್ಲ ನಿಸರ್ಗವಲ್ಲ ಎಂಬ ಈ ತೀರ್ಪು, ನಿಸರ್ಗಾಧಾರಿತ ಪರಿಹಾರದ ಹೆಸರಿನಲ್ಲಿ ಮುಂದೆ ಬರಲಿರುವ ಪ್ರತಿಯೊಂದು ಯೋಜನೆಗೂ ಒರೆಗಲ್ಲಾಗಬೇಕು.

ಇನ್ನೊಂದು ಲೆಕ್ಕವನ್ನೂ ಮಾಡೋಣ, ಏಕೆಂದರೆ ನಮ್ಮ ಪಕ್ಷದ ವಾದವನ್ನೂ ಅತಿಯಾಗಿ ಹಿಗ್ಗಿಸಬಾರದು. ಅಂದಿನ 944 ಮಿ.ಮೀ. ಮಳೆ ಪವಾಯಿಯ ಜಲಾನಯನದ ಮೇಲೆ ಬಿದ್ದರೆ ಬೀಳುವ ನೀರು ಸುಮಾರು 624 ಕೋಟಿ ಲೀಟರ್. ಖಾಲಿ ಕೆರೆಯೂ ಅದನ್ನು ಪೂರ್ತಿ ಹಿಡಿಯಲಾರದು. ಯಾವ ಜೊಂಡೂ ಯಾವ ಹುಲ್ಲುದಂಡೆಯೂ ಅಂಥ ದಿನವನ್ನು ಒಂಟಿಯಾಗಿ ತಡೆಯಲಾರವು. ಬಾಪಟ್ ನಾಲೆ ಮತ್ತು ಸಫೇದ್ ಪೂಲ್ ನಾಲೆಗಳ ಕೊಳಚೆಯನ್ನು 6.7 ಕಿ.ಮೀ. ಸುರಂಗದ ಮೂಲಕ ಧಾರಾವಿಯ ಶುದ್ಧೀಕರಣ ಘಟಕಕ್ಕೆ ಒಯ್ಯುವ ಯೋಜನೆ, ನದಿಯ ತಲೆಯಲ್ಲಿ ಫಿಲ್ಟರ್‌ಪಾಡಾದಲ್ಲಿ ದಿನಕ್ಕೆ 80 ಲಕ್ಷ ಲೀಟರ್ ಶುದ್ಧೀಕರಿಸುವ ಘಟಕ, ಇಂಥವನ್ನು ಕಾಂಕ್ರೀಟಿನ ಕೆಲಸವೆಂದು ಹೀಗಳೆಯುವುದು ತಪ್ಪು. ಅವು ಬೇಕೇ ಬೇಕು. ಆದರೆ 944 ಮಿ.ಮೀ. ಮಳೆ ವರ್ಷವೂ ಬರುವುದಿಲ್ಲ. ವರ್ಷವೂ ಬಂದು ಕುರ್ಲಾದ ಮನೆಗಳನ್ನು ನೆನೆಸುವುದು ಅದಕ್ಕಿಂತ ಎಷ್ಟೋ ಸಣ್ಣ ಮಳೆ. ಆ ಮಳೆಯನ್ನು ಮೇಲ್ಭಾಗದಲ್ಲೇ ತಡೆದು, ಇಂಗಿಸಿ, ನಿಧಾನವಾಗಿ ಬಿಡುವ ಕೆಲಸದಲ್ಲಿ ನೆಲಕ್ಕಿಂತ ಅಗ್ಗದ ಯಂತ್ರ ಇನ್ನೂ ಹುಟ್ಟಿಲ್ಲ. ಶುದ್ಧೀಕರಿಸಿದ ನೀರನ್ನು ಜವುಗಿನ ಮೂಲಕ ಹಾಯಿಸಿ ನದಿಗೇ ಮರಳಿಸಿದರೆ, ಒಣ ತಿಂಗಳುಗಳಲ್ಲಿ ಹರಿಯುವ ನೀರು ಎಲ್ಲಿಂದ ಎಂಬ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ.

‘ಸಮುದಾಯ’ ಎಂದರೆ ಯಾರು?

ಎಲ್ಲ ಯೋಜನೆಗಳಲ್ಲೂ ‘ಸಮುದಾಯದ ಸಹಭಾಗಿತ್ವ’ ಎಂಬ ಪದವಿರುತ್ತದೆ. ಈ ಪದವೇ ಅತ್ಯಂತ ಎಚ್ಚರದಿಂದ ನೋಡಬೇಕಾದದ್ದು. ಪವಾಯಿಯಲ್ಲಿ ಕೆರೆಯ ನೋಟಕ್ಕೆ ಹೆಚ್ಚಿನ ಬೆಲೆ ತೆತ್ತು ಇಪ್ಪತ್ತನೆಯ ಮಹಡಿಯಲ್ಲಿ ವಾಸಿಸುವವರಿದ್ದಾರೆ. ಫಿಲ್ಟರ್‌ಪಾಡಾದಲ್ಲಿ ನದಿಯ ಹೊಸ್ತಿಲಲ್ಲೇ ಬದುಕುವವರಿದ್ದಾರೆ. ಆರೇ ಮತ್ತು ರಾಷ್ಟ್ರೀಯ ಉದ್ಯಾನದ ಪಾಡಾಗಳಲ್ಲಿ, ಈ ನಗರ ಹುಟ್ಟುವ ಮೊದಲೇ ಇದ್ದ ವಾರ್ಲಿ ಜನರಿದ್ದಾರೆ. ಕುರ್ಲಾ, ಧಾರಾವಿಗಳ ಕಾರ್ಖಾನೆಗಳ ಕಾರ್ಮಿಕರಿದ್ದಾರೆ. ಮಾಹಿಮಿನ ಕೋಳಿ ಮೀನುಗಾರರಿದ್ದಾರೆ. ಭಾನುವಾರ ಬೆಳಗ್ಗೆ ಕೈಗವಸು ತೊಟ್ಟು ಕೆರೆಯಂಚಿನ ಪ್ಲಾಸ್ಟಿಕ್ ಹೆಕ್ಕಲು ಬರುವವರು ಮೊದಲ ವರ್ಗದವರು. ಅದು ಒಳ್ಳೆಯ ಕೆಲಸವೇ. ಆದರೆ ಸಭೆಗೆ ಕರೆಯುವುದು ಅವರನ್ನಷ್ಟೇ ಆದರೆ, ‘ಸಮುದಾಯ’ ಎಂಬ ಹೆಸರಿನಲ್ಲಿ ನಿರ್ಧಾರವಾಗುವುದು ಉಳಿದವರ ಮನೆಗಳ ಹಣೆಬರಹ.

ಇದು ಕಾಲ್ಪನಿಕ ಭಯವಲ್ಲ. ನಿಸರ್ಗಾಧಾರಿತ ಪರಿಹಾರಕ್ಕೆ ನೆಲ ಬೇಕು. ನದಿಯ ಬದಿಯ ನೆಲದಲ್ಲಿ ಬಡವರಿದ್ದಾರೆ. ಒಂದು ಮನೆಗೆ ಬದಲು ಮನೆ ಕೊಡದೆ ದಂಡೆ ತೆರವು ಮಾಡುವುದಾದರೆ ಅದು ನದಿಯ ಪುನರುಜ್ಜೀವನವಾಗುವುದಿಲ್ಲ. ಜೊಂಡು ನೆಟ್ಟ ನಿರ್ದಯತೆಯಾಗುತ್ತದೆ. 2024ರ ಜೂನ್‌ನಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ಪವಾಯಿಯ ಜೈ ಭೀಮ್ ನಗರದ ನೂರಾರು ಗುಡಿಸಲುಗಳನ್ನು ಕೆಡವಿದ್ದನ್ನೂ, ಆ ಬಗ್ಗೆ ಉಚ್ಚ ನ್ಯಾಯಾಲಯ ವಿಶೇಷ ತನಿಖಾ ತಂಡಕ್ಕೆ ಆದೇಶಿಸಿದ್ದನ್ನೂ ಓದುಗರು ಮರೆತಿರಲಾರರು. ಅದು ನದಿಯ ಯೋಜನೆಯಲ್ಲ, ನಿಜ. ಆದರೆ ಬಡವನ ಗೋಡೆಯನ್ನು ಎಷ್ಟು ಸಲೀಸಾಗಿ ಬೀಳಿಸಬಹುದು ಎಂಬುದನ್ನು ಅದೇ ಪವಾಯಿಯಲ್ಲಿ ಅದು ತೋರಿಸಿಕೊಟ್ಟಿತು. ಓಡುದಾರಿಗಾಗಿ ನದಿಯನ್ನು ತಿರುಗಿಸಿದವರು, ಜವುಗನ್ನು ತುಂಬಿ ಬ್ಯಾಂಕು ಕಟ್ಟಿದವರು ಒಂದು ಅಡಿಯನ್ನೂ ಹಿಂದಿರುಗಿಸದೆ ಇರುವಾಗ, ನದಿಗೆ ನೆಲ ಕೊಡುವ ತ್ಯಾಗವನ್ನು ಫಿಲ್ಟರ್‌ಪಾಡಾದವನೊಬ್ಬನೇ ಮಾಡಬೇಕೆನ್ನುವುದು ನ್ಯಾಯವೇ?

ರಾಜಕೀಯ ಪ್ರಾತಿನಿಧ್ಯದ ಕೊರತೆಯೂ ಇಲ್ಲಿ ಸೇರಿದೆ. 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಮೇಲೆ ಬೃಹನ್ಮುಂಬಯಿ ಮಹಾನಗರಪಾಲಿಕೆ ಹಲವು ವರ್ಷ ಚುನಾಯಿತ ಸದಸ್ಯರೇ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ನಡೆಯಿತು. ಸಾವಿರಾರು ಕೋಟಿಯ ಕಾಮಗಾರಿಗಳು ಯಾವ ಸಭೆಯಲ್ಲೂ ಯಾರ ಪ್ರಶ್ನೆಯನ್ನೂ ಎದುರಿಸದೆ ಮಂಜೂರಾದವು. 2018ರಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸರು ಸಪತ್ನೀಕರಾಗಿ ಮುಂಬಯಿಯ ನದಿಗಳ ಕುರಿತ ಗೀತೆಯೊಂದರ ಚಿತ್ರಿಕೆಯಲ್ಲಿ ಕಾಣಿಸಿಕೊಂಡಿದ್ದರು. ದಹಿಸರ್, ಪೊಯ್ಸರ್, ಓಶಿವರಾ, ಮೀಠಿ, ಈ ನಾಲ್ಕು ನದಿಗಳಿಗೂ ಆಗ ಜನರ ಕಿವಿಯಲ್ಲಿ ಒಂದು ಹಾಡು ದೊರೆಯಿತು. ನದಿಗೆ ಹಾಡು ದೊರೆತದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ಹಾಡಿನ ಜೊತೆಗೆ ಒಂದು ಲೆಕ್ಕಪತ್ರವೂ ದೊರೆಯಬೇಕಿತ್ತು.

ಕೇಳಬೇಕಾದ ಐದು ಮಾತು

ಆದ್ದರಿಂದ ಮುಂಬಯಿಯ ಮತದಾರರು, ಅವರಲ್ಲಿ ಕನ್ನಡಿಗರು, ನಿರ್ದಿಷ್ಟವಾಗಿ ಕೇಳಬೇಕಾದದ್ದು ಇಷ್ಟು.

ಮೊದಲನೆಯದು, ಪವಾಯಿ ಕೆರೆಗೆ ಸೇರುವ ಪ್ರತಿಯೊಂದು ಕೊಳಚೆ ಕೊಳವೆಯ ಸ್ಥಳ, ಮೂಲ, ಪ್ರಮಾಣಗಳ ಪಟ್ಟಿಯನ್ನು ಪಾಲಿಕೆ ಸಾರ್ವಜನಿಕವಾಗಿ ಪ್ರಕಟಿಸಿ, ಯಾವುದನ್ನು ಯಾವ ತಿಂಗಳಲ್ಲಿ ಮುಚ್ಚುತ್ತದೆಂದು ಹೇಳಬೇಕು. ಮೂಲ ಮುಚ್ಚುವ ತನಕ ಸೌಂದರ್ಯೀಕರಣದ ಒಂದು ರೂಪಾಯಿಯೂ ಖರ್ಚಾಗಬಾರದು.

ಎರಡನೆಯದು, ಹೂಳೆತ್ತುವ ಕಾಮಗಾರಿಯ ದೈನಿಕ ಲೆಕ್ಕವನ್ನು ದಂಡೆಯ ನಿವಾಸಿಗಳ ಸಮಿತಿ ಪರಿಶೀಲಿಸಿ ಸಹಿ ಮಾಡುವ ಪದ್ಧತಿ ಬರಬೇಕು. ನಮ್ಮ ಊರುಗಳಲ್ಲಿ ಕೆರೆಯ ತೂಬನ್ನು ಕಾಯುತ್ತಿದ್ದ ನೀರಗಂಟಿ ಊರಿಗೇ ಉತ್ತರ ಹೇಳಬೇಕಾಗಿತ್ತು. ಮೀಠಿಗೂ ಅಂಥ ನೀರಗಂಟಿಗಳು ಬೇಕು. ಅವರಿಗೆ ಸಂಬಳವೂ ಬೇಕು, ಅಧಿಕಾರವೂ ಬೇಕು.

ಮೂರನೆಯದು, ಇನ್ನೂ ಗೋಡೆ ಏಳದ ಕಡೆಗಳಲ್ಲಿ, ವಿಶೇಷವಾಗಿ ಆರೇ ಮತ್ತು ಫಿಲ್ಟರ್‌ಪಾಡಾ ಭಾಗದ ಮೇಲಿನ ಪಾತ್ರದಲ್ಲಿ, ಕಾಂಕ್ರೀಟನ್ನು ನಿಲ್ಲಿಸಿ ಇಳಿಜಾರಿನ ಹಸಿರು ದಂಡೆ ಮತ್ತು ಜವುಗುಗಳಿಗೆ ಜಾಗ ಬಿಡಬೇಕು. ನದಿ ಅಲ್ಲಿ ಇನ್ನೂ ಸ್ವಲ್ಪ ಉಸಿರಾಡುತ್ತಿದೆ.

ನಾಲ್ಕನೆಯದು, ಸ್ಥಳಾಂತರ ಅನಿವಾರ್ಯವಾದರೆ ಅದೇ ವಾರ್ಡಿನಲ್ಲಿ, ಮನೆ ಕೈಗೆ ಬಂದ ಮೇಲೆಯೇ, ಮಳೆಗಾಲದ ಹೊರತಾಗಿ ನಡೆಯಬೇಕು. ಕೂಲಿಯ ಜಾಗದಿಂದ ಹತ್ತಾರು ಕಿಲೋಮೀಟರು ದೂರಕ್ಕೆ ಎಸೆಯಲ್ಪಟ್ಟವನು ನದಿಗೆ ಮಿತ್ರನಾಗಲಾರ.

ಐದನೆಯದು, ವಿಮಾನ ನಿಲ್ದಾಣ ಮತ್ತು ಬಾಂದ್ರಾ-ಕುರ್ಲಾ ಸಂಕೀರ್ಣಗಳೂ ತಮ್ಮ ಪಾಲಿನ ನೆಲವನ್ನೋ, ನೀರು ತಡೆದಿಡುವ ಏರ್ಪಾಡನ್ನೋ ಒದಗಿಸಬೇಕು. ಬಯಲು, ವಾಹನ ನಿಲುಗಡೆಯ ಅಂಗಳ, ಉದ್ಯಾನ, ಇವನ್ನು ಪ್ರವಾಹದ ಕೆಲವು ಗಂಟೆ ನೀರು ನಿಲ್ಲುವಂತೆ ತಗ್ಗಿಸಿ ರೂಪಿಸುವುದು ಅಸಾಧ್ಯವೇನಲ್ಲ.

ನಮ್ಮ ಪಾಲು

ಇದರಲ್ಲಿ ನಮ್ಮ ಸಮಾಜಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದು, ಸೋಸುಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ತಂದ ನೀರಿಗೇ ಮರಳಿ ಬಿಡಬೇಕೆಂಬ ನಿಯಮ ನಮ್ಮ ಅಜ್ಜಿಯಂದಿರಿಗೆ ಅಡುಗೆಮನೆಯ ನಿತ್ಯಕರ್ಮವಾಗಿತ್ತು. ತಂದ ನೀರಿಗೆ ತಾನು ಋಣಿ ಎಂಬುದು ಅದರ ಅರ್ಥ. ಇಂದು ನಾವು ಯಂತ್ರದಲ್ಲಿ ಶುದ್ಧವಾದ ನೀರು ಕುಡಿದು, ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳದೆ ಇರುವುದಾದರೆ, ಆ ನಿಯಮದ ಮೊದಲರ್ಧವನ್ನಷ್ಟೇ ಉಳಿಸಿಕೊಂಡಂತಾಯಿತು. ಬೆಳಗೊಳ ಎಂದರೆ ಬಿಳಿಯ ಕೊಳ; ವರಂಗದ ಕೆರೆ ಬಸದಿಗೆ ಇಂದಿಗೂ ದೋಣಿಯಲ್ಲೇ ಹೋಗಬೇಕು. ನೀರಿಲ್ಲದ ಕಡೆ ನಮ್ಮ ಹಿರಿಯರು ಪುಣ್ಯಸ್ಥಳವನ್ನು ಕಲ್ಪಿಸಿಕೊಳ್ಳಲಿಲ್ಲ.

ಭಾವನೆ ಸಾಲದು, ಕೆಲಸ ಬೇಕು. ಮುಂಬಯಿಯಲ್ಲಿ ನಮ್ಮವರು ವಾಸಿಸುವ ಹೌಸಿಂಗ್ ಸೊಸೈಟಿಗಳ ಸಭೆಗಳಲ್ಲಿ ಮೂರು ಪ್ರಶ್ನೆ ಎತ್ತಬಹುದು. ನಮ್ಮ ಕಟ್ಟಡದ ಕೊಳಚೆ ಪಾಲಿಕೆಯ ಒಳಚರಂಡಿಗೆ ಸೇರುತ್ತದೋ ಮಳೆನೀರಿನ ಚರಂಡಿಗೋ? ಶುದ್ಧೀಕರಣ ಘಟಕವಿದ್ದರೆ ಅದು ನಿಜವಾಗಿ ನಡೆಯುತ್ತಿದೆಯೋ, ವಿದ್ಯುತ್ ಬಿಲ್ಲು ಉಳಿಸಲು ನಿಂತಿದೆಯೋ? ಅಂಗಳಕ್ಕೆಲ್ಲ ಹಾಸಿದ ಕಲ್ಲಿನ ನಡುವೆ ಮಳೆನೀರು ಇಂಗಲು ಎಲ್ಲಿ ಜಾಗ ಬಿಟ್ಟಿದ್ದೇವೆ? ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹ 2002ರಿಂದಲೇ ಕಡ್ಡಾಯ. ಎಷ್ಟು ಕಡೆ ಅದು ನಕ್ಷೆಯಲ್ಲಿ ಮಾತ್ರ ಇದೆ ಎಂಬುದು ನಮಗೆಲ್ಲ ಗೊತ್ತು. ಕಟ್ಟಡ ನಿರ್ಮಾಣ, ಹೋಟೆಲು, ಬಟ್ಟೆ, ಬಣ್ಣ, ಲೋಹಗಳ ವ್ಯಾಪಾರದಲ್ಲಿರುವ ನಮ್ಮ ಬಂಧುಗಳು ಇವೇ ಪ್ರಶ್ನೆಗಳನ್ನು ತಮ್ಮ ಉದ್ದಿಮೆಗಳಿಗೂ ಕೇಳಿಕೊಳ್ಳಬೇಕು. ಆ ಮೇಲೆ ಸರಕಾರವನ್ನು ಪ್ರಶ್ನಿಸುವ ಧ್ವನಿಗೆ ಬಲ ಬರುತ್ತದೆ.

ಪವಾಯಿಯಲ್ಲಿ ಕನ್ನಡ-ತುಳು ನಾಡಿನವರು ಹೊಸಬರಲ್ಲ. ಮುಂಬಯಿ ಬಂಟರ ಸಂಘದ ಎಸ್. ಎಂ. ಶೆಟ್ಟಿ ಶಿಕ್ಷಣ ಸಂಸ್ಥೆಗಳು ಅಲ್ಲಿಯೇ ಇವೆ. ನಗರದುದ್ದಕ್ಕೂ ಕನ್ನಡ ಸಂಘಗಳಿವೆ, ನಮ್ಮ ಸಮಾಜದ ಮಂಡಳಿಗಳಿವೆ. ಒಂದೊಂದು ಸಂಘ ತನ್ನ ಬಳಿಯ ಒಂದು ನಾಲೆಯನ್ನು ವರ್ಷವಿಡೀ ಗಮನಿಸಿ, ತಿಂಗಳಿಗೊಮ್ಮೆ ನೀರಿನ ಮಾದರಿ ಪರೀಕ್ಷಿಸಿ, ಫಲಿತಾಂಶವನ್ನು ವಾರ್ಡ್ ಕಚೇರಿಗೂ ದಂಡೆಯ ನಿವಾಸಿಗಳಿಗೂ ತಲುಪಿಸಿದರೆ, ಅದು ವಾರ್ಷಿಕೋತ್ಸವದ ಶಾಲು ಹಾರಗಳಿಗಿಂತ ಹೆಚ್ಚಿನ ಸೇವೆ. ದಾನಿಗಳ ಶಿಲಾಫಲಕ ಹಾಕಲು ನಾಲೆಯಲ್ಲಿ ಗೋಡೆ ಸಿಗುವುದಿಲ್ಲ ಎಂಬುದೊಂದೇ ಅಡ್ಡಿ.

ನದಿಗೆ ಅವಸರವಿಲ್ಲ. ಅದು ನೂರಾ ಅರವತ್ತು ವರ್ಷ ಕಟ್ಟೆಯ ಹಿಂದೆ ಕಾದಿದೆ, ಓಡುದಾರಿಯ ಕೆಳಗೆ ತಲೆ ಬಗ್ಗಿಸಿ ನಡೆದಿದೆ. ತನಗೆ ಬೇಕಾದ ನೆಲವನ್ನು ಅದು ಒಂದಲ್ಲ ಒಂದು ಜುಲೈಯಲ್ಲಿ ತಾನೇ ತೆಗೆದುಕೊಳ್ಳುತ್ತದೆ, 2005ರಲ್ಲಿ ತೆಗೆದುಕೊಂಡಿತು. ಅಂದು ಅದು ಕೇಳಿ ತೆಗೆದುಕೊಳ್ಳಲಿಲ್ಲ, ತೆತ್ತವರಲ್ಲಿ ಬಹುಮಂದಿ ಬಡವರು. ಆ ನೆಲವನ್ನು ನ್ಯಾಯವಾಗಿ, ಎಲ್ಲರ ಪಾಲಿನಿಂದ, ಮುಂಚಿತವಾಗಿ ಬಿಟ್ಟುಕೊಡುವುದೇ ಆಡಳಿತದ ಕೆಲಸ. ಬಿಡಿಸುವುದು ನಾಗರಿಕರ ಕೆಲಸ.